ಮುಯ್ಯಿ ಬೇರೆ, ಸಾಲ ಬೇರೆ

ಬಡಿಸುವವನು ಎರಡನೇ ಸಲ ಅನ್ನ ತಂದಾಗ ಅನುಸೂಯಮ್ಮ ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದಿದ್ದಳು. ಆಗಲೇ ಮದುವೆ ಚಪ್ಪರದ ಕಂಬಕ್ಕೆ ಕಟ್ಟಿದ್ದ ಸ್ಪೀಕರು ಒಂದು ಸಲ ಗೊರಗೊರ ಅಂದು ಕೂಗಿತು: “ಸೈಕಲ್ ಶಾಪು ಮುನಿಶಾಮಪ್ಪನವರಿಂದ ನೂರಾ ಒಂದು ರೂಪಾಯಿ ಮುಯ್ಯಿ!”

ಬೇರೆ ಯಾರೋ ಮುನಿಶಾಮಪ್ಪ ಇರಬೇಕು ಅಂದುಕೊಳ್ಳೋಣವೆಂದರೆ ಸೂಲಿಬೆಲೆಯಲ್ಲಿ ಇದ್ದದ್ದೇ ಒಂದು ಸೈಕಲ್ ಶಾಪು. ಅದರ ಯಜಮಾನ ಅವಳ ಗಂಡ. ಅವನ ಹತ್ತಿರ ನೂರೊಂದು ರೂಪಾಯಿ ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಇಡೀ ಮನೆಯಲ್ಲಿ ಇದ್ದ ದುಡ್ಡೆಂದರೆ ಅಕ್ಕಿ ಡಬ್ಬದ ತಳದಲ್ಲಿ ಅವಳು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತೊಂಬತ್ತು ರೂಪಾಯಿ. ಅದು ನಾಳೆ ಸೋಮವಾರ ಕಟ್ಟಬೇಕಾದ ಸಾಲದ ಕಂತು.

ಎದುರು ಸಾಲಿನಲ್ಲಿ ಕೂತಿದ್ದ ಹೊಸಕೋಟೆಯ ಆವಲಪ್ಪ ಕಲಸುತ್ತಿದ್ದ ಕೈ ನಿಲ್ಲಿಸಿ ಅವಳನ್ನೇ ನೋಡಿದ. ಸೈಕಲ್ಲಿನ ಟೈರು, ಟ್ಯೂಬು, ಚೈನು ಎಲ್ಲ ಸಾಲಕ್ಕೆ ಕೊಟ್ಟವನು ಅವನು. ಅವನ ಪಕ್ಕದಲ್ಲಿ ಚಿಲ್ಲರೆ ಅಂಗಡಿಯ ಕೊಂಡಪ್ಪ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಏನವ್ವಾ, ಭಾರಿ ಜೋರಾಗವ್ರೆ ನಿಮ್ಮ ಯಜಮಾನ್ರು,” ಅಂದ ಆವಲಪ್ಪ. “ನಮ್ಗೆ ತಿಂಗ್ಳಿಗೆ ಇಪ್ಪತ್ತು. ಇಲ್ಲಿ ಒಂದೇ ಏಟಿಗೆ ನೂರೊಂದು. ನಾಳೆ ನನ್ನ ಇಪ್ಪತ್ತು ಬರ್ಲಿಲ್ಲ ಅಂದ್ರೆ ಟೈರು ಬಿಚ್ಕೊಂಡು ಹೋಗ್ತೀನಿ, ಹೇಳಿದೀನಿ.”



ತೊಂಬತ್ತು ರೂಪಾಯಿಯ ಕಥೆ ಶುರುವಾದದ್ದು ಒಂದು ವರ್ಷದ ಹಿಂದೆ, ಎಪ್ಪತ್ತಮೂರರ ಬೇಸಗೆಯಲ್ಲಿ. ಮುನಿಶಾಮಪ್ಪ ಕೆಟ್ಟವನಲ್ಲ. ಕುಡಿಯುವವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಅವನಿಗಿದ್ದ ಚಟ ಒಂದೇ, ನಾಲ್ಕು ಜನರ ಮುಂದೆ ಇಲ್ಲ ಅನ್ನಲು ಬಾರದು. ತಂಗಿಯ ಮದುವೆಗೆ ಹತ್ತಿಪ್ಪತ್ತು ಜನ ಜಾಸ್ತಿ ಬಂದರು, ಇಲ್ಲ ಅನ್ನಲಿಲ್ಲ. ಬಾಡಿಗೆಗೆ ಆರು ಸೈಕಲ್ ಸಾಕು ಅಂದರೆ ಯಾರೋ ಹನ್ನೆರಡು ತೆಗೆಯೋ ಅಂದರು, ತೆಗೆದ. ಮಾಡಿದ ಸಾಲಕ್ಕೆ ಬಡ್ಡಿ ಕಟ್ಟಲು ಇನ್ನೊಂದು ಸಾಲ ಮಾಡಿದ. ಬಂದವರಿಗೆಲ್ಲ “ಬುಧವಾರ ಬನ್ನಿ” ಅನ್ನುತ್ತಿದ್ದ. ಬುಧವಾರ ಬಂದರೆ ಅಂಗಡಿಯ ಹಿಂದುಗಡೆಯಿಂದ ಮಾಯವಾಗುತ್ತಿದ್ದ. ಅವರ ಬೈಗುಳ ತಿನ್ನಬೇಕಾದವಳು ಅನುಸೂಯಮ್ಮ. ಕೊನೆಗೆ ಒಂದು ದಿನ ಅವನು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು. ಊರು ಬಿಟ್ಟು ಹೋಗುವುದಂತೆ!

“ಹೋಗಿ,” ಅಂದಳು ಅವಳು. “ಪೆಟ್ಟಿಗೆ ಇಲ್ಲೇ ಇಟ್ಟು ಸಾಲ ಕೊಟ್ಟಿರೋ ಆ ನಾಲ್ಕು ಜನರ ಮನೆಗೆ ಹೋಗಿ ಬನ್ನಿ. ಸೋಮವಾರ ಎಲ್ಲಾರ್ನೂ ಅಂಗಡಿಗೆ ಬರೋಕೆ ಹೇಳಿ. ಮಾತಾಡೋಕೆ ನಿಮ್ಗೆ ಬಾಯಿ ಬರ್ಲಿಲ್ಲ ಅಂದ್ರೆ ನಾನು ಮಾತಾಡ್ತೀನಿ.”

ಸಾಲ ಕೊಟ್ಟವರು ನಾಲ್ವರೂ ಬಂದರು. ಅಪ್ಪಯ್ಯಣ್ಣನಿಗೆ ಒಂದೂವರೆ ಸಾವಿರ, ಪ್ರೋನೋಟಿನ ಮೇಲೆ. ಊರಿನ ದೊಡ್ಡ ಕುಳ ಅವನು, ಬಸ್ ನಿಲ್ಲುವ ಜಾಗದಲ್ಲಿದ್ದ ಈ ಅಂಗಡಿಯ ಮೇಲೆ ಅವನ ಕಣ್ಣು ಬಿದ್ದು ಎಷ್ಟೋ ವರ್ಷವಾಗಿತ್ತು. ಆವಲಪ್ಪನಿಗೆ ಆರುನೂರು. ಕೊಂಡಪ್ಪನಿಗೆ ಮುನ್ನೂರು. ನಾಲ್ಕನೆಯವಳು ಸಪ್ಪಲಮ್ಮ, ಗಂಡ ಸತ್ತವಳು, ಮೊಸರು ಮಾರಿ ಬದುಕುವವಳು. ಇನ್ನೊಂದು ಹಸು ತರಲೆಂದು ಕೂಡಿಟ್ಟಿದ್ದ ಮುನ್ನೂರು ರೂಪಾಯಿಯನ್ನು ಮುನಿಶಾಮಪ್ಪನ ಮುಖ ನೋಡಿ ಕೊಟ್ಟಿದ್ದಳು. ಕಾಗದವಿಲ್ಲ, ಸಾಕ್ಷಿಯಿಲ್ಲ. ಜಗಳವಾಡಲೂ ಬಾರದ ಹೆಂಗಸು, ಬಾಗಿಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದಳು.

ಅನುಸೂಯಮ್ಮ ಹೇಳಿದ್ದು ಇಷ್ಟು. ಬಡ್ಡಿ ಇಲ್ಲಿಗೆ ನಿಲ್ಲಬೇಕು. ತಿಂಗಳ ಮೊದಲ ಸೋಮವಾರ ದೀಪ ಹಚ್ಚುವುದರೊಳಗೆ ತೊಂಬತ್ತು ರೂಪಾಯಿ ಇದೇ ಮೇಜಿನ ಮೇಲೆ ಬರುತ್ತದೆ. ಐವತ್ತು ಅಪ್ಪಯ್ಯಣ್ಣನಿಗೆ, ಇಪ್ಪತ್ತು ಆವಲಪ್ಪನಿಗೆ, ಕೊಂಡಪ್ಪನಿಗೂ ಸಪ್ಪಲಮ್ಮನಿಗೂ ಹತ್ತು ಹತ್ತು. ಮೂವತ್ತು ತಿಂಗಳಿಗೆ ಎಲ್ಲ ಚುಕ್ತಾ. ಮಧ್ಯದಲ್ಲಿ ಯಾರೂ ಒಬ್ಬೊಬ್ಬರೇ ಬಂದು ಬಾಗಿಲು ಬಡಿಯುವಂತಿಲ್ಲ.

“ಅದ್ಸರಿ, ಈಯಮ್ಮಂದು ಕಾಗ್ದ ಎಲ್ಲೈತೆ?” ಅಂದಿದ್ದ ಅಪ್ಪಯ್ಯಣ್ಣ, ಸಪ್ಪಲಮ್ಮನ ಕಡೆ ಗದ್ದ ತೋರಿಸಿ. “ಕಾಗ್ದ ಇಲ್ದೋರ್ಗೆಲ್ಲ ಪಾಲು ಕೊಡೋಕೆ ಇದೇನು ಛತ್ರವಾ?”

“ಕಾಗ್ದ ಇಲ್ದೆ ಕೊಟ್ಟೋಳಿಗೆ ಮೊದ್ಲು ಕೊಡ್ಬೇಕು, ನಾನು ಸಮವಾಗಿ ಕೊಡ್ತಾ ಇದೀನಿ,” ಅಂದಿದ್ದಳು ಅನುಸೂಯಮ್ಮ. ಅರ್ಧ ಗಂಟೆ ಅದಕ್ಕೇ ಕಿತ್ತಾಡಿದಳು. ಕೊನೆಗೆ ಅಪ್ಪಯ್ಯಣ್ಣ ಒಪ್ಪಿದ, ಆದರೆ ತನ್ನ ಕೊಕ್ಕೆ ಹಾಕಿಯೇ ಒಪ್ಪಿದ. ಒಂದೇ ಒಂದು ತಿಂಗಳು ತಪ್ಪಿದರೂ ಹನ್ನೆರಡು ಸೈಕಲ್ಲು ಅಂಗಡಿ ಸಮೇತ ಅವನಿಗೆ. ಕಾಗದ ಇರುವ ಇಬ್ಬರಿಗೆ ಅವನು ಕೊಟ್ಟುಕೊಳ್ಳುತ್ತಾನೆ. ಸಪ್ಪಲಮ್ಮನ ದುಡ್ಡು ಅವಳ ಹಣೆಬರಹ. ಮುನಿಶಾಮಪ್ಪ ಸಹಿ ಹಾಕಿದ.

ಗಂಟೆಗೆ ನಾಲ್ಕಾಣೆ ಬಾಡಿಗೆಯಲ್ಲಿ ತಿಂಗಳಿಗೆ ತೊಂಬತ್ತು ಉಳಿಸುವುದು ಹುಡುಗಾಟವಲ್ಲ. ಅನುಸೂಯಮ್ಮ ಪಂಕ್ಚರ್ ಹಾಕುವುದನ್ನು ಕಲಿತಳು. ಮೊದಮೊದಲು ಗೋಣಿತಾಟಿನ ಮರೆಯಲ್ಲಿ, ಆಮೇಲೆ ರಸ್ತೆಗೆ ಮುಖ ಮಾಡಿಯೇ. ಹೆಂಗಸು ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ನೋಡುವುದನ್ನು ನೋಡಲೆಂದೇ ಬಸ್ಸಿನವರು ಕತ್ತು ಚಾಚುತ್ತಿದ್ದರು. ನೋಡಿಕೊಳ್ಳಲಿ! ಪಂಕ್ಚರ್ ಅಂಟಿಸುವ ಸಲ್ಯೂಷನ್ ವಾಸನೆ ಅವಳ ಕೈಯಿಂದ ಮುದ್ದೆಗೂ ಹತ್ತಿತ್ತು. ಹಬ್ಬಕ್ಕೊಂದು ಸೀರೆಯಿಲ್ಲ, ಕಾಫಿಗೆ ಬೆಲ್ಲ ಅರ್ಧ. ಹೀಗೆ ಹನ್ನೊಂದು ಕಂತು ಒಂದೂ ತಪ್ಪದೆ ಬಿದ್ದಿದ್ದವು. ಹನ್ನೆರಡನೆಯದನ್ನು ಗಂಡ ಈಗ ಮೈಕಿನಲ್ಲಿ ಕೂಗಿಸಿದ್ದ. ಅದೂ ಯಾರಿಗೆ? ಅಪ್ಪಯ್ಯಣ್ಣನ ಮಗಳ ಮದುವೆಗೆ!

ಅನುಸೂಯಮ್ಮ ಎಲೆ ಬಿಟ್ಟು ಎದ್ದಳು. ಪಂಕ್ತಿ ಮುಗಿಯುವ ಮೊದಲೇ ಏಳಬಾರದು ಅಂತ ಪಕ್ಕದವಳು ಸೆರಗು ಹಿಡಿದು ಎಳೆದಳು. ಬಿಡಿಸಿಕೊಂಡು ಹೋದಳು. ಮುನಿಶಾಮಪ್ಪ ಚಪ್ಪರದ ಬಾಗಿಲಲ್ಲಿ, ಇಸ್ತ್ರಿ ಮಾಡಿದ ಶರ್ಟಿನಲ್ಲಿ, ಯಾರದೋ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದ. ಹೆಂಡತಿಯ ಮುಖ ನೋಡಿದ್ದೇ ನಗು ಇಳಿಯಿತು.

“ಡಬ್ಬದ್ದು ತಗೊಂಡ್ಯಾ?”

ಹತ್ತು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕೇಳಿದ್ದು ಅದೇ ಮೊದಲು.

“ಮೆತ್ತಗೆ ಮಾತಾಡೇ… ನಮ್ಮ ಮದ್ವೇಲಿ ಅಪ್ಪಯ್ಯಣ್ಣ ಐವತ್ತೊಂದು ಮುಯ್ಯಿ ಮಾಡಿದ್ರು. ಮೊನ್ನೆ ಅಂಗಡಿಗೇ ಬಂದು ಲಗ್ನಪತ್ರಿಕೆ ಕೊಟ್ಟು, ‘ನೀನು ನನ್ನ ಸಾಲಗಾರ ಅಂತ ಕರೀತಿಲ್ಲ ಕಣಪ್ಪಾ, ನಮ್ಮೋನು ಅಂತ ಕರೀತಿದೀನಿ’ ಅಂದ್ರು. ಐವತ್ತೊಂದಕ್ಕೆ ಐವತ್ತೊಂದೇ ಮಾಡಿದ್ರೆ ಏನನ್ಕೊಂಡಾರು? ಡಬ್ಬದ ತೊಂಬತ್ತಕ್ಕೆ ಹನ್ನೊಂದು ಕೈಗಡ ಸೇರಿಸ್ದೆ. ಕಂತು ಒಂದೆರಡು ದಿನ ತಡವಾದ್ರೆ ಅವ್ರೇ ಸುಮ್ನಿರ್ತಾರೆ ಬಿಡು.”

ಮುಯ್ಯಿ ಅಂದರೆ ಹಾಗೆಯೇ. ಮದುವೆಮನೆಯಲ್ಲಿ ಕೊಡುತ್ತಾರೆ, ಕೊಟ್ಟಿದ್ದನ್ನು ಮದುವೆಮನೆಯವರು ಪುಸ್ತಕದಲ್ಲಿ ಬರೆದಿಡುತ್ತಾರೆ. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಅಷ್ಟನ್ನಾದರೂ ವಾಪಸ್ ಮಾಡಬೇಕು, ಮರ್ಯಾದೆಯಿದ್ದರೆ ಮೇಲೊಂದಿಷ್ಟು ಸೇರಿಸಬೇಕು. ಸರಿಸಮ ಮಾಡಿದರೆ, ನಿನ್ನದು ನಿನಗಾಯಿತು, ಇನ್ನು ನಮಗೂ ನಿನಗೂ ಏನೂ ಇಲ್ಲ ಅಂದ ಹಾಗೆ. ಮುನಿಶಾಮಪ್ಪ ಊರಲ್ಲಿ ಯಾರ ಜೊತೆಗೂ ಹಾಗನ್ನುವವನಲ್ಲ. ಐದು, ಹತ್ತು, ಹನ್ನೊಂದು ಅಂತ ಕಂಡ ಕಂಡ ಮದುವೆಗೆಲ್ಲ ಮುಯ್ಯಿ ಮಾಡಿ, ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಸಾಲದ ಲೆಕ್ಕ ಹೆಂಡತಿ ಬರೆಯಬೇಕು, ಮುಯ್ಯಿಯ ಲೆಕ್ಕ ಮಾತ್ರ ದುಂಡಗಿನ ಅಕ್ಷರದಲ್ಲಿ ತಾನೇ ಬರೆಯುತ್ತಿದ್ದ.

ಅನುಸೂಯಮ್ಮ ಗಂಡನನ್ನು ಅಲ್ಲೇ ಬಿಟ್ಟು ಮುಯ್ಯಿ ಬರೆಯುವ ಮೇಜಿನ ಹತ್ತಿರ ನಡೆದಳು. ಸ್ಕೂಲಿನ ಮೇಷ್ಟ್ರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಬರೆಯುತ್ತಿದ್ದರು. ಪಕ್ಕದಲ್ಲಿ ಜರಿಪೇಟ ಸುತ್ತಿಕೊಂಡು ಅಪ್ಪಯ್ಯಣ್ಣ ಕೂತಿದ್ದ.

“ಮೇಷ್ಟ್ರೇ, ನಮ್ಮೋರ ಹೆಸರಿನ ನೂರೊಂದು ಹೊಡೆದು ಹಾಕಿ. ಅದು ಮುಯ್ಯಿ ಅಲ್ಲ, ನಾಳೆ ಕಂತು. ಅಪ್ಪಯ್ಯಣ್ಣ, ನಿಮ್ಮ ಐವತ್ತು ನೀವಿಟ್ಕೊಳ್ಳಿ, ಮಿಕ್ಕಿದ್ದು ಕೊಡಿ. ಬೇರೆಯೋರಿಗೆ ಕೊಡ್ಬೇಕು.”

ಮೇಷ್ಟ್ರು ಪೆನ್ನು ಎತ್ತಿದವರು ಅಪ್ಪಯ್ಯಣ್ಣನ ಮುಖ ನೋಡಿ ಹಾಗೇ ಇಳಿಸಿದರು. ಸುತ್ತ ಇದ್ದವರೆಲ್ಲ ಹತ್ತಿರ ಸರಿದರು. ಅಪ್ಪಯ್ಯಣ್ಣ ನಕ್ಕ. ಬೈದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

“ಏನವ್ವಾ ಹಿಂಗಂತೀಯ? ಹಸೆಮಣೆ ಮುಂದೆ ಕೊಟ್ಟಿದ್ದನ್ನ ವಾಪಸ್ ಕೇಳೋರುಂಟಾ? ಮುಯ್ಯಿ ಬೇರೆ, ಸಾಲ ಬೇರೆ. ಮುಯ್ಯಿ ಅಂದ್ರೆ ಮರ್ಯಾದೆ. ನಿಮ್ಮನೇಲಿ ಕಾರ್ಯ ಆಗ್ಲಿ, ಬಂದು ಮುಯ್ಯಿ ತೀರಿಸ್ದೆ ಇದ್ರೆ ನನ್ನ ಹೆಸ್ರು ಅಪ್ಪಯ್ಯಣ್ಣ ಅಲ್ಲ. ಕಂತು ನಾಳೆ ತಾನೆ? ನಾಳೆ ಬರ್ತೀನಿ, ದೀಪ ಹಚ್ಚೋ ಹೊತ್ಗೆ.”

ಎರಡು ದಿನ ತಡವಾದರೆ ಸುಮ್ಮನಿರುತ್ತಾರಂತೆ! ಅಪ್ಪಯ್ಯಣ್ಣ ಗಂಡನನ್ನು ಲಗ್ನಪತ್ರಿಕೆ ಕೊಟ್ಟು ಕರೆದದ್ದು ಯಾಕೆ ಅನ್ನುವುದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಹನ್ನೊಂದು ತಿಂಗಳು ಕಾದು ಕಾದು, ಕಂತು ತಪ್ಪುವ ಲಕ್ಷಣ ಕಾಣದೆ, ತಾನೇ ತಪ್ಪಿಸಲು ಬಂದಿದ್ದ. ಮದುವೆ ದಿನ ಗೊತ್ತು ಮಾಡಿದವನೂ ಅವನೇ, ಕಂತಿನ ದಿನ ಗೊತ್ತಿದ್ದವನೂ ಅವನೇ. ಅವಳು ಮೇಷ್ಟ್ರ ಮುಂದಿದ್ದ ಮೈಕನ್ನು ಎಳೆದುಕೊಂಡಳು.

“ಎಲ್ಲಾರೂ ಕೇಳಿ! ನಾನು ಸೈಕಲ್ ಶಾಪು ಅನುಸೂಯಮ್ಮ. ನಾಳೆ ಸೋಮವಾರ ನಮ್ಮ ಅಂಗಡೀಲಿ ಕಾರ್ಯ ಐತೆ. ಏನು ಕಾರ್ಯ ಅಂದ್ರೆ ಸಾಲದ ಕಂತು ಕಟ್ಟೋ ಕಾರ್ಯ. ನಗ್ಬೇಡಿ! ನಮ್ಮೋರು ನಿಮ್ಮ ನಿಮ್ಮನೆ ಮದ್ವೇಲೆಲ್ಲ ಮುಯ್ಯಿ ಮಾಡವ್ರೆ, ಪುಸ್ತಕದಲ್ಲಿ ಹೆಸ್ರು ಸಮೇತ ಐತೆ. ಎಲ್ಲಾರೂ ಬಂದು ಪಾನಕ ಕುಡಿದು, ತಾಂಬೂಲ ತಗೊಂಡು, ಮುಯ್ಯಿ ತೀರಿಸ್ಬೇಕು. ಅಪ್ಪಯ್ಯಣ್ಣನೋರೂ ಬರ್ತೀನಿ ಅಂದವ್ರೆ. ಮುಯ್ಯಿ ಅಂದ್ರೆ ಮರ್ಯಾದೆ ಅಂತ ಅವ್ರೇ ಹೇಳಿದ್ದು, ನೀವೆಲ್ಲ ಕೇಳಿಸ್ಕೊಂಡಿದೀರ.”

ಯಾರೋ ಮೈಕಿನ ವೈರು ಕಿತ್ತರು. ಅಷ್ಟರಲ್ಲಿ ಹೇಳಬೇಕಾದ್ದು ಆಗಿತ್ತು.

ಮನೆಗೆ ಬರುವ ದಾರಿಯುದ್ದಕ್ಕೂ ಮುನಿಶಾಮಪ್ಪ ತಲೆ ಎತ್ತಲಿಲ್ಲ. “ಮಾನ ಕಳೆದುಬಿಟ್ಟೆ, ಇನ್ನು ಯಾವ ಮುಖ ಇಟ್ಕೊಂಡು ಈ ಊರಲ್ಲಿರೋದು,” ಅಂತ ಗೊಣಗಿದ.

“ಇರೋ ಮುಖಾನೇ ಇಟ್ಕೊಂಡು,” ಅಂದಳು. “ನನ್ನ ಕೈ ನೋಡು. ಈ ಕೈಲಿ ಪಂಕ್ಚರ್ ಹಾಕುವಾಗ ಹೋಗದ ಮಾನ ಈಗ ಹೋಯ್ತಾ? ನಾಳೆ ಪುಸ್ತಕ ತಗೊಂಡು ಮೇಜಿನ ಹತ್ರ ಕೂತ್ಕೋ. ಹಿಂದುಗಡೆ ಬಾಗಿಲಿಗೆ ನಾನು ಬೀಗ ಹಾಕ್ತೀನಿ.”

ಸೋಮವಾರ ಬೆಳಿಗ್ಗೆಯೇ ಅಂಗಡಿಯ ಮುಂದೆ ಎರಡು ತೆಂಗಿನ ಗರಿ ಕಟ್ಟಿದಳು. ಸೈಕಲ್ಲುಗಳನ್ನು ಒರೆಸಿ ಸಾಲಾಗಿ ನಿಲ್ಲಿಸಿದಳು. ಕೊಳಗದ ತುಂಬ ಬೆಲ್ಲದ ಪಾನಕ ಮಾಡಿ, ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸಿಟ್ಟಳು. ಅದಕ್ಕೆ ಬೇಕಾದ ದುಡ್ಡು ಬೆಳಿಗ್ಗೆ ಬಂದ ಮೂರು ಪಂಕ್ಚರಿನದು. ಸ್ಕೂಲಿಗೆ ಬೇಸಗೆ ರಜೆ, ಮೇಷ್ಟ್ರು ತಾವಾಗಿಯೇ ಬಂದು, “ಅಲ್ಲಿ ಬರೆದವನು ಇಲ್ಲೂ ಬರೀಬೇಕಲ್ಲಮ್ಮ,” ಅಂತ ಕೂತರು.

ಮಧ್ಯಾಹ್ನ ಮೂರರವರೆಗೆ ಬೇರೆ ಒಂದು ನರಪಿಳ್ಳೆಯೂ ಬರಲಿಲ್ಲ. ಎದುರಿನ ಕಾಫಿ ಹೋಟೆಲಿನಲ್ಲಿ ಕೂತು ನೋಡುವವರಿಗೇನೂ ಕಮ್ಮಿ ಇರಲಿಲ್ಲ. ಮುನಿಶಾಮಪ್ಪನ ಪುಸ್ತಕದಲ್ಲಿ ನಲವತ್ತು ಮನೆಯ ಹೆಸರಿತ್ತು. ಅವರ ಮನೆಯಲ್ಲೆಲ್ಲ ಇವನು ಉಂಡಿದ್ದ, ನಕ್ಕಿದ್ದ, ಕೊಟ್ಟಿದ್ದ. ಈಗ ಅವರೆಲ್ಲ ರಸ್ತೆಯ ಆಚೆ ಬದಿಯಲ್ಲಿ ನಡೆದು ಹೋಗುತ್ತಿದ್ದರು. ಅನುಸೂಯಮ್ಮನಿಗೆ ಒಬ್ಬೊಬ್ಬರನ್ನೂ ಕುತ್ತಿಗೆಪಟ್ಟಿ ಹಿಡಿದು ಎಳೆದು ತರಬೇಕೆನಿಸಿತು.

ಮೊದಲು ಬಂದವಳು ಸಪ್ಪಲಮ್ಮ. ಮೊಸರಿನ ಕುಕ್ಕೆ ಇಳಿಸಿ, ಸೆರಗಿನ ಗಂಟು ಬಿಚ್ಚಿ, ಆರು ರೂಪಾಯಿ ಮೇಜಿನ ಮೇಲಿಟ್ಟಳು. “ನನ್ನ ಮಗಳ ಮದ್ವೇಲಿ ಮುನಿಶಾಮಪ್ಪ ಐದು ಮಾಡಿದ್ದ. ಬರ್ಕೊಳಿ ಮೇಷ್ಟ್ರೇ, ಆರು.”

ಅನುಸೂಯಮ್ಮನಿಗೆ ಎಲ್ಲಿತ್ತೋ ರೋಷ. “ಸಪ್ಪಲಕ್ಕ, ನಿಂಗೆ ಬುದ್ಧಿ ಐತಾ? ನಾವು ನಿಂಗೆ ಕೊಡ್ಬೇಕು! ಹಸು ದುಡ್ಡು ನುಂಗಿ ಕೂತಿದೀವಿ, ನೀನು ಬಂದು ಆರು ರೂಪಾಯಿ ಕೊಡ್ತೀಯ? ತಗೊಂಡೋಗು!”

“ಅದು ಸಾಲ ಕಣವ್ವ,” ಅಂದಳು ಸಪ್ಪಲಮ್ಮ ಮೆತ್ತಗೆ. “ಇದು ಮುಯ್ಯಿ. ಕರೆದಿದೀಯ, ಬಂದಿದೀನಿ. ಒಂದ್ಲೋಟ ಪಾನಕ ಕೊಡು, ಬಿಸ್ಲಲ್ಲಿ ಬಂದೆ.”

ಅವಳು ಪಾನಕ ಕುಡಿದು ತಾಂಬೂಲ ಸೆರಗಿಗೆ ಕಟ್ಟಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತಳು. ಊರಿನ ಮೊಸರಿನವಳು ಮುಯ್ಯಿ ತೀರಿಸಿ ಎಲ್ಲರಿಗೂ ಕಾಣುವಂತೆ ಕೂತಿರುವಾಗ, ಕಾಫಿ ಹೋಟೆಲಿನಲ್ಲಿ ಕಾಲು ಚಾಚಿ ಕೂತವರಿಗೆ ಬೆಂಚು ಚುಚ್ಚತೊಡಗಿತು. ಒಬ್ಬ ಎದ್ದು ಬಂದ, ಐದು ರೂಪಾಯಿ. ಇನ್ನೊಬ್ಬ, ಎರಡು. ಬೈದುಕೊಂಡು ಕೊಟ್ಟವರಿದ್ದರು, ನಗುತ್ತಾ ಕೊಟ್ಟವರಿದ್ದರು. ಕೊಡದೆ ಪಾನಕ ಮಾತ್ರ ಕುಡಿದವರೂ ಇದ್ದರು. ಬರದವರೇ ಹೆಚ್ಚು. ಕೊನೆಯ ಬಸ್ಸು ಬರುವ ಹೊತ್ತಿಗೆ ಮೇಷ್ಟ್ರು ಕೂಡಿಸಿ ಹೇಳಿದರು: ನಲವತ್ತೇಳು.

ನಲವತ್ತೇಳರಲ್ಲಿ ತೊಂಬತ್ತು ಆಗುವುದಿಲ್ಲ. ಆವಲಪ್ಪ ಬಸ್ಸಿಳಿದು ಬಂದು ನಿಂತ. ಕೊಂಡಪ್ಪನೂ ಬಂದ. ಬೀದಿಯ ಎದುರಿನ ಮನೆಯಲ್ಲಿ ಯಾರೋ ಲಾಂದ್ರದ ಗಾಜು ಒರೆಸುತ್ತಿದ್ದರು. ಅಪ್ಪಯ್ಯಣ್ಣ ಬಂದದ್ದು ಆಗ. ಒಬ್ಬನೇ ಬರಲಿಲ್ಲ, ಸೈಕಲ್ಲು ಹೇರಲು ಒಂದು ಎತ್ತಿನ ಗಾಡಿಯನ್ನೂ ಹಿಂದೆ ಹೊಡೆಸಿಕೊಂಡು ಬಂದಿದ್ದ!

ಆ ಗಾಡಿ ನೋಡಿ ಮುನಿಶಾಮಪ್ಪನ ಮುಖ ಕಪ್ಪಿಟ್ಟಿತು. ‘ನಮ್ಮೋನು ಅಂತ ಕರೀತಿದೀನಿ’ ಅಂದಿದ್ದ ಮನುಷ್ಯ ಗಾಡಿ ತಂದಿದ್ದ. ಅವನಿಗೆ ಅರ್ಥವಾಗಲು ಗಾಡಿಯೇ ಬೇಕಾಯಿತು.

“ಎಲ್ಲವ್ವಾ ಕಂತು?” ಅಂದ ಅಪ್ಪಯ್ಯಣ್ಣ.

“ಕಾರ್ಯಕ್ಕೆ ಬಂದೋರು ಮೊದ್ಲು ಪಾನಕ ತಗೋಬೇಕು.” ಅನುಸೂಯಮ್ಮ ಲೋಟ ತುಂಬಿ ಅವನ ಕೈಗೆ ಹಿಡಿಸಿದಳು. “ಆಮೇಲೆ ಮುಯ್ಯಿ. ಆಮೇಲೆ ಕಂತು. ಓದಿ ಮೇಷ್ಟ್ರೇ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಮೈಕಿಲ್ಲದಿದ್ದರೂ ಬೀದಿಗೆಲ್ಲ ಕೇಳುವಂತೆ ಓದಿದರು. “ಅಪ್ಪಯ್ಯಣ್ಣನವರು. ನಿನ್ನೆ ಮಗಳ ಮದುವೆಯಲ್ಲಿ ಇವರ ಕಡೆಯಿಂದ ಸಂದದ್ದು ನೂರಾ ಒಂದು.”

“ಇದ್ಯಾವ ಸೀಮೆ ಕಾರ್ಯ? ಇದಕ್ಕೆಲ್ಲ ಮುಯ್ಯಿನಾ?”

“ನಿನ್ನೆ ಮೈಕ್ ಮುಂದೆ ಹೇಳಿದ್ರಲ್ಲ, ತೀರಿಸ್ದಿದ್ರೆ ನಿಮ್ಮ ಹೆಸ್ರೇ ಅಲ್ಲ ಅಂತ,” ಅಂದಳು ಅನುಸೂಯಮ್ಮ. ಅವಳ ದನಿ ಏರಿತ್ತು, ಇಳಿಸಲು ಅವಳಿಗೆ ಮನಸ್ಸಿರಲಿಲ್ಲ. “ಈ ಸಪ್ಪಲಕ್ಕ ಆರು ರೂಪಾಯಿ ಕೊಟ್ಟವ್ಳೆ. ಇವ್ಳ ದುಡ್ಡಿಗೆ ಪಾಲಿಲ್ಲ ಅಂದ್ರಿ ನೀವು. ಇವ್ಳ ಮುಂದೆ ನಿಂತು ನಾನು ಕೊಡಲ್ಲ ಅನ್ನಿ. ಒಂದೇ ಮಾತು ಅನ್ನಿ, ಸೈಕಲ್ಲೆಲ್ಲ ನಾನೇ ಗಾಡಿಗೆ ಎತ್ತಿ ಹಾಕ್ತೀನಿ.”

ಬಸ್ಸಿನಿಂದ ಇಳಿದವರು, ಹೋಟೆಲಿನವರು, ನೀರು ಹೊತ್ತು ಬಂದ ಹೆಂಗಸರು, ಎಲ್ಲ ನಿಂತಿದ್ದರು. ನಿನ್ನೆಯ ಮದುವೆಯಲ್ಲಿ ಅವರೆಲ್ಲರ ಮುಯ್ಯಿಯೂ ಅಪ್ಪಯ್ಯಣ್ಣನ ಪೆಟ್ಟಿಗೆ ಸೇರಿತ್ತು. ಇವಳಿಗೆ ಇಲ್ಲ ಅಂದವನು ನಾಳೆ ತಮಗೆ ಏನನ್ನುತ್ತಾನೆ ಅಂತ ಒಬ್ಬೊಬ್ಬರ ಮುಖದಲ್ಲೂ ಬರೆದಿತ್ತು. ಅವನಿಗೆ ಇನ್ನೊಬ್ಬ ಮಗಳಿದ್ದಳು, ಮದುವೆಗೆ ಬಂದವಳು. ಅಪ್ಪಯ್ಯಣ್ಣ ಅಂಗಿಯೊಳಗೆ ಕೈ ಹಾಕಿ ನೋಟು ತೆಗೆದು ಎಣಿಸಿ, ಮೇಜಿನ ಮೇಲೆ ಬಿಸಾಡಿದ. “ನೂರಾ ಹನ್ನೊಂದು! ನನ್ನ ಮನೆತನದಲ್ಲಿ ಸಮಕ್ಕೆ ಸಮ ಮಾಡೋ ಪದ್ಧತಿ ಇಲ್ಲ. ಬರ್ಕೊಳಿ.”

ಅನುಸೂಯಮ್ಮ ಅದೇ ನೋಟುಗಳಿಂದ ಐವತ್ತು ಎಣಿಸಿ ಅವನ ಕೈಗಿಟ್ಟಳು. ಆವಲಪ್ಪನಿಗೆ ಇಪ್ಪತ್ತು. ಕೊಂಡಪ್ಪನಿಗೆ ಹತ್ತು. ಸಪ್ಪಲಮ್ಮನಿಗೆ ಹತ್ತು. ಎಲ್ಲರಿಂದಲೂ ಸಹಿ ಹಾಕಿಸಿಕೊಂಡಳು, ಸಪ್ಪಲಮ್ಮನಿಂದ ಹೆಬ್ಬೆಟ್ಟು. ಹನ್ನೆರಡನೇ ಕಂತು ದೀಪ ಹಚ್ಚುವುದಕ್ಕೆ ಮೊದಲೇ ಸಂದಿತ್ತು. ಖಾಲಿ ಗಾಡಿ ತಿರುಗಿಸಲು ಜಾಗ ಸಾಲದೆ ಎತ್ತುಗಳು ಅಡ್ಡಾದಿಡ್ಡಿ ಎಳೆದಾಡಿದವು.

ಮುನಿಶಾಮಪ್ಪನಿಗೆ ಹೋದ ಜೀವ ಬಂದಿತ್ತು. ಪುಸ್ತಕ ಬಿಡಿಸಿಕೊಂಡು ಬರೆಯತೊಡಗಿದ. “ನೋಡಿದ್ಯಾ, ಮುಯ್ಯಿ ಎಲ್ಲಿಗೂ ಹೋಗಲ್ಲ. ನೂರಾ ಹನ್ನೊಂದು ಮಾಡವ್ರೆ, ದೊಡ್ಡ ಮನುಷ್ಯರು. ಅವ್ರ ಎರಡನೇ ಮಗಳ ಮದ್ವೆಗೆ ನಾವು ನೂರಿಪ್ಪತ್ತೊಂದಾದ್ರೂ…”

ಅನುಸೂಯಮ್ಮ ಅವನ ಕೈಯಿಂದ ಪೆನ್ನು ಕಿತ್ತುಕೊಂಡಳು. ಅರವತ್ತೊಂದು ರೂಪಾಯಿ ಎಣಿಸಿ, ಎರಡು ವೀಳ್ಯದೆಲೆ, ಒಂದು ಅಡಿಕೆ ಅದರ ಮೇಲಿಟ್ಟು, ಗಾಡಿಯ ಹಿಂದೆ ಬಿರಬಿರನೆ ನಡೆದಳು.

“ಅಪ್ಪಯ್ಯಣ್ಣ, ತಾಂಬೂಲ ಮರೆತು ಹೋಗ್ತಿದೀರ. ನೂರೊಂದಕ್ಕೆ ನೂರೊಂದು ಬಂತು. ಮೇಲಿನ ಹತ್ತು, ನಮ್ಮ ಮದ್ವೇದು ಐವತ್ತೊಂದು, ತಗೊಳ್ಳಿ. ನಿಮ್ದು ನಿಮ್ಗಾಯ್ತು.”

ಅವನು ನೋಟುಗಳನ್ನೂ ನೋಡಿದ, ಅವಳನ್ನೂ ನೋಡಿದ. ಸಮಕ್ಕೆ ಸಮ ಮಾಡಿ ಮುಖದ ಮೇಲೆ ಬಾಗಿಲು ಹಾಕಿಸಿಕೊಳ್ಳುವುದು ಆ ಮನೆತನಕ್ಕೆ ಹೊಸದು. ಜನ ನೋಡುತ್ತಿದ್ದರು, ತಾಂಬೂಲ ಬೇಡ ಅನ್ನುವಂತಿರಲಿಲ್ಲ. ತೆಗೆದುಕೊಂಡ.

ಅವಳು ವಾಪಸ್ ಬಂದಾಗ ಮುನಿಶಾಮಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ. “ಸಂಬಂಧಾನೇ ಕಡಿದು ಹಾಕಿದ್ಯಲ್ಲೇ…”

“ಹೂಂ, ಕಡಿದೆ,” ಅಂದಳು. ಉಳಿದ ದುಡ್ಡನ್ನು ಡಬ್ಬಕ್ಕೆ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ತಾಳಿ ಸರಕ್ಕೆ ಪೋಣಿಸಿಕೊಂಡಳು. “ಇನ್ನು ಅವನ ಹತ್ರ ನಮ್ದು ಉಳಿದಿರೋದು ಸಾಲ ಒಂದೇ. ಅದು ಇನ್ನು ಹದಿನೆಂಟು ತಿಂಗ್ಳಿಗೆ ಮುಗಿದು ಹೋಗ್ತದೆ.”